ಹಳೆಯ ಫೋರ್ಡ್ ಲಾರಿಯ ಪುನರುಜ್ಜೀವನ

ಅಮೆರಿಕೆಯ ಹೆನ್ರಿ ಫೋರ್ಡರ ಕಂಪನಿಯು 1908ರಲ್ಲಿ 'ಟಿ' ಮಾದರಿಯ ಕಾರನ್ನೂ, 1917ರಲ್ಲಿ ಅದೇ ಎಂಜಿನನ್ನುಳ್ಳ, ಒಂದು ಟನ್ ಭಾರ ಹೊರಬಲ್ಲ 'ಟಿಟಿ' ಲಾರಿಯನ್ನೂ ಹೊರತಂದಿತು. 1927ರಲ್ಲಿ ಇವುಗಳ ತಯಾರಿಕೆ ನಿಂತಿತು. ದಶಕಗಳ ಕಾಲ ಕೊಟ್ಟಿಗೆಗಳಲ್ಲಿ ಧೂಳು ಹಿಡಿದು ನಿಂತ ಇಂತಹ ಲಾರಿಗಳನ್ನು ಮರಳಿ ಓಡಿಸುವ ಆಸಕ್ತರು ಇಂದಿಗೂ ಇದ್ದಾರೆ.

ಇಂದಿನ ಮೆಕ್ಯಾನಿಕನು ಇದರ ಎಂಜಿನನ್ನು ಕಂಡು ಬೆರಗಾಗುವುದು ಸಹಜವೇ. ಇದರಲ್ಲಿ ಪೆಟ್ರೋಲ್ ಪಂಪೂ ಇಲ್ಲ, ನೀರಿನ ಪಂಪೂ ಇಲ್ಲ. ಅವು ಕಳೆದುಹೋದವುಗಳಲ್ಲ, ಮೊದಲಿನಿಂದಲೂ ಇರಲಿಲ್ಲ. ಪೆಟ್ರೋಲು ಎತ್ತರದಲ್ಲಿರುವ ಟ್ಯಾಂಕಿನಿಂದ ತಾನಾಗಿಯೇ ಇಳಿಯುತ್ತದೆ. ಕಾದ ನೀರು ಮೇಲೇರಿ ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯುತ್ತದೆ. ಕಸವೆಂದು ತೋರುವ ನಾಲ್ಕು ಮರದ ಪೆಟ್ಟಿಗೆಗಳು ಕಿಡಿ ಹುಟ್ಟಿಸುವ ಕಾಯಿಲುಗಳು. ಫ್ಲೈವೀಲಿಗೆ ಬಿಗಿದ 16 ಅಯಸ್ಕಾಂತಗಳು ಅವಕ್ಕೆ ವಿದ್ಯುತ್ತನ್ನು ಒದಗಿಸುತ್ತವೆ. ಎಂಜಿನ್ನಿನ ಅಡಿಭಾಗದಲ್ಲಿರುವ ಎರಡು ಪುಟ್ಟ ನಲ್ಲಿಗಳು ಎಣ್ಣೆಯ ಮಟ್ಟವನ್ನು ತಿಳಿಯುವುದಕ್ಕಾಗಿ ಇವೆ. ಅರಿಯದೆ ಇವನ್ನು ಎಸೆಯುವುದು ಲಾರಿಯನ್ನೇ ಕಳೆದುಕೊಂಡಂತೆ.

ಅವಸರವೂ ಸಲ್ಲದು. ಮೊದಲು ಹಳಸಿದ ಪೆಟ್ರೋಲನ್ನು ಬಸಿದು ಟ್ಯಾಂಕನ್ನು ಶುಚಿಗೊಳಿಸಬೇಕು. ಬಳಿಕ ಪ್ಲಗ್ಗುಗಳನ್ನು ಕಳಚಿ, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಡಬೇಕು. ಅನಂತರವೇ ಎಂಜಿನನ್ನು ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಹ್ಯಾಂಡಲ್ ತಿರುವುವ ಮುನ್ನ ಸ್ಟಿಯರಿಂಗಿನ ಎಡಗಡೆಯ ಸನ್ನೆಕೋಲನ್ನು ಪೂರ್ತಿ ಮೇಲಕ್ಕೆ ಸರಿಸಿ, ಕಿಡಿಯನ್ನು ತಡವಾಗಿಸಬೇಕು. ಇದನ್ನು ಮರೆತರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಅಂದಿನ ದಿನಗಳಲ್ಲಿ ಹಾಗೆ ಕೈ ಮುರಿದುಕೊಂಡ ಚಾಲಕರು ಅನೇಕರು. ಹಿಂದಿನವರು ನೋವುಂಡು ಕಲಿತ ಪಾಠವನ್ನು ನಾವು ಓದಿ ಕಲಿಯುವುದು ಲೇಸು.