ಏಕತಾರಿಯಿಂದ ಗಿಟಾರಿಗೆ

ಅಂದೋಲಾ ಇರುವ ಜೇವರ್ಗಿ ಸೀಮೆ ಕಡಕೋಳ ಮಡಿವಾಳಪ್ಪನವರ ತತ್ವಪದಗಳ ನೆಲ. ಭಜನೆಗೆ ಏಕತಾರಿ, ದಮ್ಮಡಿ, ತಾಳ ಸಾಕು; ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಮೇಳವೆಲ್ಲ ಹಿಡಿಯುತ್ತದೆ. ಇದೇ ಪರಂಪರೆಯ ಶಿಶುನಾಳ ಶರೀಫರ (1819–1889) ಪದಗಳನ್ನು ರಘು ದೀಕ್ಷಿತ್ ತಂಡ ರಾಕ್ ವೇದಿಕೆಗೆ ತಂದಿತು. 2008ರ ಮೊದಲ ಆಲ್ಬಮ್‌ನಲ್ಲೇ ‘ಗುಡುಗುಡಿಯಾ ಸೇದಿ ನೋಡೋ’ ಇತ್ತು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು.

ಎದುರಿಗೆ ನಿಂತು ಕೇಳುವಾಗ ಮೈ ಜುಮ್ಮೆನ್ನುವುದು ಡ್ರಮ್ಮಿನ ಸದ್ದಿಗಷ್ಟೇ ಅಲ್ಲ. ಸಾವಿರ ಕೊರಳು ಪಲ್ಲವಿಯನ್ನು ಮರಳಿಸಿದಾಗ ಹಳೆಯ ಭಜನೆಯ ಹುರುಪೇ ಎದ್ದು ಬರುತ್ತದೆ. ಆದರೆ ರಾಕ್ ಜಾತ್ರೆಯಲ್ಲಿ ಜನಕ್ಕೆ ದಕ್ಕುವುದು ಪಲ್ಲವಿ ಮಾತ್ರ. ಭಜನೆಯಲ್ಲಿ ಹಿಂದೆ ಕೂತ ಹುಡುಗನಿಗೂ ಇಡೀ ಪದ ಬಾಯಿಗೆ ಬರುತ್ತದೆ. ಗಿಟಾರು ಪದವನ್ನು ದೂರ ಒಯ್ದಿದೆ. ಉಳಿಸಿಕೊಳ್ಳಲು ಭಜನೆಯೇ ಬೇಕು.