ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಗಳು: ಅರ್ಜಿ ಸಂಖ್ಯೆಯ ಏರಿಳಿತ

ಹಾರ್ವರ್ಡ್, ಯೇಲ್, ಎಂಐಟಿ, ಷಿಕಾಗೊ ಮೊದಲಾದ ಅಮೆರಿಕದ ಖಾಸಗಿ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ ಬರುವ ಅರ್ಜಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಭಾರಿ ಏರಿಳಿತ ಕಂಡಿದೆ. ಸೀಟುಗಳು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇವೆ. ಹಾರ್ವರ್ಡ್ ಕಾಲೇಜಿಗೆ ಪ್ರತಿವರ್ಷ ಸೇರುವವರು 1,650ರ ಆಸುಪಾಸು. ಹೀಗಾಗಿ ಅರ್ಜಿಗಳು ಹೆಚ್ಚಿದರೆ ಪ್ರವೇಶದ ಶೇಕಡಾವಾರು ತಾನಾಗಿಯೇ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಈ ಶೇಕಡಾವಾರನ್ನೇ ಶಿಕ್ಷಣದ ಗುಣಮಟ್ಟವೆಂದು ಓದುವ ರೂಢಿ ಬಹಳ ಹಳೆಯದು, ಅಷ್ಟೇ ತಪ್ಪು.

ಅರ್ಜಿ ಹಾಕುವುದು ಸುಲಭವಾದಂತೆಲ್ಲ ಸಂಖ್ಯೆ ಬೆಳೆದಿದೆ. 1975ರಲ್ಲಿ 15 ಕಾಲೇಜುಗಳು ಸೇರಿ ಆರಂಭಿಸಿದ ‘ಕಾಮನ್ ಅಪ್ಲಿಕೇಶನ್’ ಎಂಬ ಏಕರೂಪ ಅರ್ಜಿಯಲ್ಲಿ ಈಗ ಸಾವಿರಕ್ಕೂ ಹೆಚ್ಚು ಸಂಸ್ಥೆಗಳಿವೆ. ಒಮ್ಮೆ ತುಂಬಿದ ವಿವರಗಳನ್ನು ಹತ್ತಾರು ಕಡೆಗೆ ಕಳಿಸಬಹುದು. ಬೇರೆ ಬೇರೆ ಸಂಸ್ಥೆಗಳು ಕೇಳುವ ಪ್ರಬಂಧಗಳಷ್ಟೇ ಹೆಚ್ಚುವರಿ ಕೆಲಸ. ಷಿಕಾಗೊ ವಿಶ್ವವಿದ್ಯಾಲಯ ಬಹುಕಾಲ ತನ್ನದೇ ‘ಅನ್‌ಕಾಮನ್ ಅಪ್ಲಿಕೇಶನ್’ ಇಟ್ಟುಕೊಂಡಿತ್ತು. 2000ರ ದಶಕದ ನಡುವಿನಲ್ಲಿ ಅಲ್ಲಿಗೆ ಬರುತ್ತಿದ್ದ ಅರ್ಜಿಗಳು ಸುಮಾರು 10 ಸಾವಿರ, ಪ್ರವೇಶ ಸಿಗುತ್ತಿದ್ದದ್ದು ಹತ್ತರಲ್ಲಿ ನಾಲ್ವರಿಗೆ. ಏಕರೂಪ ಅರ್ಜಿಯನ್ನು ಒಪ್ಪಿಕೊಂಡು, ಪ್ರಚಾರವನ್ನೂ ಹೆಚ್ಚಿಸಿದ ಮೇಲೆ, ಹತ್ತು ವರ್ಷಗಳಲ್ಲಿ ಅರ್ಜಿಗಳು 30 ಸಾವಿರದ ಹತ್ತಿರ ಬಂದವು. ಪ್ರವೇಶ ಪ್ರಮಾಣ ಶೇ 10ಕ್ಕಿಂತ ಕೆಳಗಿಳಿಯಿತು. ಇದಕ್ಕೆ ವಿರುದ್ಧವಾದ ಅನುಭವ ಬಾಸ್ಟನ್ ಕಾಲೇಜಿನದು. 2012–13ರ ಪ್ರವೇಶಕ್ಕೆ ಒಂದೇ ಒಂದು ಪ್ರಬಂಧವನ್ನು ಹೆಚ್ಚುವರಿಯಾಗಿ ಕೇಳಿದ್ದಕ್ಕೆ ಅದರ ಅರ್ಜಿಗಳು ಸುಮಾರು ಕಾಲು ಭಾಗ ಕುಸಿದವು.

ಕೋವಿಡ್ ಕಾಲದಲ್ಲಿ ಆದ ಬದಲಾವಣೆ ಇವೆಲ್ಲಕ್ಕಿಂತ ದೊಡ್ಡದು. 2020ರಲ್ಲಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಬಹುತೇಕ ಸಂಸ್ಥೆಗಳು ಎಸ್‌ಎಟಿ, ಎಸಿಟಿ ಪ್ರವೇಶ ಪರೀಕ್ಷೆಗಳ ಅಂಕಗಳ ಕಡ್ಡಾಯವನ್ನು ಕೈಬಿಟ್ಟವು. ಅಂಕ ಕಡಿಮೆಯೆಂದು ಹಿಂಜರಿಯುತ್ತಿದ್ದವರೆಲ್ಲ ಮುಂದೆ ಬಂದರು. 2020ರಲ್ಲಿ ಸೇರುವ ತಂಡಕ್ಕೆ ಹಾರ್ವರ್ಡ್‌ಗೆ 40,248 ಅರ್ಜಿಗಳು ಬಂದಿದ್ದವು. ಮರುವರ್ಷ 57,435, ಅದರ ಮುಂದಿನ ವರ್ಷ 61,220. ಪ್ರವೇಶಕ್ಕೆ ಆಯ್ಕೆಯಾದವರು ಮೊದಲ ವರ್ಷ 1,980 ಮಂದಿ, ಮೂರನೆಯ ವರ್ಷ 1,954. ಇಪ್ಪತ್ತು ಸಾವಿರ ಮಂದಿ ಹೆಚ್ಚಾಗಿ ಅರ್ಜಿ ಹಾಕಿದರೂ ಆಯ್ಕೆಯಾದವರ ಸಂಖ್ಯೆ ಬಹುತೇಕ ಕದಲಲಿಲ್ಲ. ಪ್ರಮಾಣ ಮಾತ್ರ ಶೇ 4.9ರಿಂದ ಶೇ 3.2ಕ್ಕೆ ಇಳಿಯಿತು. ಎಂಐಟಿಯಲ್ಲಿ ಏರಿಕೆ ಇನ್ನೂ ತೀವ್ರ: ಒಂದೇ ವರ್ಷದಲ್ಲಿ 20,075ರಿಂದ 33,240.

ಇಳಿಕೆಯೂ ಎಂಐಟಿಯಿಂದಲೇ ಶುರುವಾಯಿತು. ಗಣಿತದ ತಯಾರಿ ಎಷ್ಟಿದೆಯೆಂದು ತಿಳಿಯಲು, ವಿಶೇಷವಾಗಿ ಸೌಲಭ್ಯವಿಲ್ಲದ ಶಾಲೆಗಳ ಪ್ರತಿಭಾವಂತರನ್ನು ಗುರುತಿಸಲು ಅಂಕಗಳು ನೆರವಾಗುತ್ತವೆ ಎಂಬ ಕಾರಣ ಕೊಟ್ಟು ಅದು 2022ರ ಮಾರ್ಚ್‌ನಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಮುಂದಿನ ಸಾಲಿಗೆ ಬಂದ ಅರ್ಜಿಗಳು 26,914. ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಇದೇ ದಾರಿ ಹಿಡಿದವು. ಯೇಲ್ ಎಪಿ, ಐಬಿ ಪರೀಕ್ಷೆಗಳ ಅಂಕಗಳನ್ನೂ ಒಪ್ಪಿತು. 2025ರಲ್ಲಿ ಸೇರಿದ ತಂಡಕ್ಕೆ ಹಾರ್ವರ್ಡ್‌ಗೆ ಬಂದ ಅರ್ಜಿಗಳು 47,893. ಪ್ರವೇಶ ಪ್ರಮಾಣ ಮತ್ತೆ ಶೇ 4ನ್ನು ದಾಟಿತು. ಹಾರ್ವರ್ಡ್‌ನ ಇಳಿಕೆಗೆಲ್ಲ ಪರೀಕ್ಷೆಯೊಂದೇ ಕಾರಣವೆನ್ನಲಾಗದು. ಕಡ್ಡಾಯ ಮರಳುವ ಮೊದಲೇ, 2024ರ ತಂಡಕ್ಕೆ ಅದರ ಅರ್ಜಿಗಳು 54,008ಕ್ಕೆ ಇಳಿದಿದ್ದವು. ಜನಾಂಗವನ್ನು ಪರಿಗಣಿಸಿ ಪ್ರವೇಶ ಕೊಡುವ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ರದ್ದುಪಡಿಸಿತ್ತು. ಕ್ಯಾಂಪಸ್ಸಿನ ರಾಜಕೀಯ ವಿವಾದಗಳೂ ಅದೇ ಸಾಲಿನಲ್ಲಿ ಕಾವೇರಿದ್ದವು.

ಸಂಸ್ಥೆಗಳ ನಿಲುವೂ ಬದಲಾಗುತ್ತಿದೆ. ಸ್ಟ್ಯಾನ್‌ಫರ್ಡ್ 2018ರಲ್ಲೇ ಪ್ರವೇಶದ ಅಂಕಿ-ಅಂಶಗಳನ್ನು ಫಲಿತಾಂಶದ ಹೊತ್ತಿಗೆ ಪ್ರಕಟಿಸುವುದನ್ನು ನಿಲ್ಲಿಸಿತು, ಕಾಲೇಜುಗಳಿಗೆ ಶ್ರೇಯಾಂಕ ಕೊಡುವ ‘ಯು.ಎಸ್. ನ್ಯೂಸ್’ ಅದೇ ವರ್ಷ ತನ್ನ ಶ್ರೇಯಾಂಕದ ಲೆಕ್ಕದಿಂದ ಪ್ರವೇಶ ಪ್ರಮಾಣವನ್ನು ತೆಗೆಯಿತು. ಎರಡೂ ಒಳ್ಳೆಯ ನಿರ್ಧಾರಗಳೇ. ಆದರೂ ಆಯ್ಕೆಯ ಸಾಧ್ಯತೆ ಇಲ್ಲದ ಮಕ್ಕಳಿಂದಲೂ ಶುಲ್ಕ ಪಡೆದು ಅರ್ಜಿ ತುಂಬಿಸುವ ಪ್ರಚಾರ ನಿಂತಿಲ್ಲ.

ಸಿಇಟಿ ರ‍್ಯಾಂಕಿನ ಮೇಲೆ ಸೀಟು ಹಂಚುವ ಪದ್ಧತಿಗೆ ಒಗ್ಗಿದ ಕರ್ನಾಟಕದ ಪಾಲಕರಿಗೆ ಒಂದು ವ್ಯತ್ಯಾಸ ತಿಳಿದಿರಬೇಕು. ಅಮೆರಿಕದ ಈ ಸಂಸ್ಥೆಗಳಲ್ಲಿ ಕಟ್‌ಆಫ್ ಇಲ್ಲ. ಅಂಕ, ಶಾಲೆಯ ಪರಿಸರ, ಪ್ರಬಂಧ, ಶಿಕ್ಷಕರ ಪತ್ರಗಳನ್ನು ಒಟ್ಟಿಗೆ ತೂಗಿ ಆಯ್ಕೆ ಮಾಡುತ್ತಾರೆ. ಹಳೆಯ ವಿದ್ಯಾರ್ಥಿಗಳ ಮಕ್ಕಳು, ಕ್ರೀಡಾಪಟುಗಳು ಮೊದಲಾದವರಿಗೆ ಹಲವೆಡೆ ಆದ್ಯತೆಯೂ ಇದೆ. ಆದ್ದರಿಂದ ಒಟ್ಟು ಶೇಕಡಾವಾರು ಯಾವೊಬ್ಬ ಅಭ್ಯರ್ಥಿಯ ಅವಕಾಶವನ್ನೂ ಹೇಳುವುದಿಲ್ಲ. ಪಿಯು ಮುಗಿಸಿ ಅರ್ಜಿ ಹಾಕಲು ಹೊರಟವರು ಪತ್ರಿಕೆಗಳ ತಲೆಬರಹ ಬಿಟ್ಟು, ಬಹುತೇಕ ಸಂಸ್ಥೆಗಳು ಪ್ರತಿವರ್ಷ ಪ್ರಕಟಿಸುವ ‘ಕಾಮನ್ ಡೇಟಾ ಸೆಟ್’ ನೋಡಬೇಕು: ಎಷ್ಟು ಮಂದಿ ಸೇರಿದರು, ಅವರ ಅಂಕಗಳೆಷ್ಟು, ವಿದೇಶಿ ವಿದ್ಯಾರ್ಥಿಗಳಿಗೆ ಎಷ್ಟು ಆರ್ಥಿಕ ನೆರವು ಸಿಕ್ಕಿತು ಎಂಬುದು ಅದರಲ್ಲಿರುತ್ತದೆ.