ಕೌಟಿಲ್ಯ ಹೇಳಿದ ಇನ್ನೊಂದು ಮೋಕ್ಷ

ಮೋಕ್ಷ ಎಂದ ಕೂಡಲೇ ನಮಗೆ ನೆನಪಾಗುವುದು ಕಾಶಿ, ಗಂಗೆ, ಮುಪ್ಪಿನ ಕಾಲದ ಜಪತಪ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಗಂಡ ಹೆಂಡಿರ ಬಿಡುಗಡೆ, ಅಂದರೆ ವಿವಾಹ ವಿಚ್ಛೇದನ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ಓಲೆಗರಿ ಪ್ರತಿ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾಯಿತು. ವಿಚ್ಛೇದನವೆಂಬುದು ಇಂಗ್ಲಿಷರ ಜೊತೆಗೇ ಬಂದದ್ದು ಎನ್ನುವವರು ಇದರ ಮೂರನೆಯ ಅಧಿಕರಣವನ್ನು ಒಮ್ಮೆ ತೆರೆದು ನೋಡಬೇಕು.

ಇಬ್ಬರಿಗೂ ಪರಸ್ಪರ ದ್ವೇಷವಿದ್ದರೆ ಬಿಡುಗಡೆ ಉಂಟು. ಒಬ್ಬರಿಗೆ ಮಾತ್ರ ಬೇಡವಾಗಿ, ಇನ್ನೊಬ್ಬರು ಒಪ್ಪದಿದ್ದರೆ ಇಲ್ಲ. ಈ ಕಟ್ಟು ಗಂಡನಿಗೂ ಉಂಟು ಎಂಬುದು ಗಮನಿಸಬೇಕಾದ ಮಾತು. ನಮ್ಮ ಹಿಂದೂ ವಿವಾಹ ಕಾಯಿದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದ್ದು 1976ರಲ್ಲಿ!

ಆದರೆ ಒಂದು ದೊಡ್ಡ ತಡೆ ಇದೆ. ಎಂಟು ಬಗೆಯ ಮದುವೆಗಳಲ್ಲಿ ಬ್ರಾಹ್ಮ, ಪ್ರಾಜಾಪತ್ಯ, ಆರ್ಷ, ದೈವ ಎಂಬ ನಾಲ್ಕು ಧರ್ಮವಿವಾಹಗಳಿಗೆ ಮೋಕ್ಷವಿಲ್ಲ. ಹಿರಿಯರು ಸಿಂಗರಿಸಿ ಧಾರೆಯೆರೆದು ಕೊಟ್ಟ ಮಗಳಿಗೆ ಬಾಗಿಲು ಮುಚ್ಚಿತು. ತಾನೇ ಮೆಚ್ಚಿ ಗಾಂಧರ್ವ ವಿವಾಹವಾದವಳಿಗೆ ತೆರೆದಿತ್ತು. ಹಾಗೆಂದು ಮೊದಲಿನವಳನ್ನು ಪೂರ್ತಿ ಕೈಬಿಟ್ಟಿಲ್ಲ. ಗಂಡ ಹೇಳದೆ ಕೇಳದೆ ಪರದೇಶಕ್ಕೆ ಹೋಗಿ ಸುದ್ದಿಯೇ ಇಲ್ಲದಿದ್ದರೆ, ನಿಗದಿಯಾದ ಅವಧಿ ಕಾದು, ನ್ಯಾಯಾಧೀಶರ ಅಪ್ಪಣೆ ಪಡೆದು ಆಕೆ ಬೇರೆ ಮದುವೆಯಾಗಬಹುದಿತ್ತು. ಹೆಣ್ಣಿನ ಋತುಕಾಲವನ್ನು ವ್ಯರ್ಥಗೊಳಿಸುವುದು ಧರ್ಮವನ್ನೇ ಕೊಂದಂತೆ ಎಂಬುದು ಕೌಟಿಲ್ಯ ಕೊಡುವ ಕಾರಣ. ಹೆಣ್ಣಿನ ಮನಸ್ಸಿಗಿಂತ ಸಂತಾನದ ಚಿಂತೆಯೇ ಇಲ್ಲಿ ಹೆಚ್ಚು ಅನ್ನಿಸುತ್ತದೆ. ಆದರೂ ಅವಳಿಗೆ ದಾರಿಯಂತೂ ಸಿಕ್ಕಿತು.

ನಿಜವಾದ ಪೆಟ್ಟು ಇರುವುದು ಹಣದ ಲೆಕ್ಕದಲ್ಲಿ. ಸ್ತ್ರೀಧನದಲ್ಲಿ ಜೀವನಾಂಶದ ಭಾಗ 2000 ಪಣಗಳವರೆಗೆ; ಒಡವೆಗೆ ಮಿತಿಯಿಲ್ಲ. ಗಾಂಧರ್ವ, ಆಸುರ ಮದುವೆಗಳಲ್ಲಿ ಅದನ್ನು ಬಳಸಿಕೊಂಡರೆ ಬಡ್ಡಿ ಸಮೇತ ಹಿಂದಿರುಗಿಸಬೇಕು. ಇಲ್ಲಿಯವರೆಗೆ ಸರಿ. ಹೆಂಡತಿಯ ತಪ್ಪಿಗಾಗಿ ಗಂಡ ಬಿಡುಗಡೆ ಕೇಳಿದರೆ ಅವಳಿಂದ ಪಡೆದದ್ದನ್ನು ಕೊಟ್ಟು ಕಳಿಸಬೇಕು, ಇದೂ ನ್ಯಾಯವೇ. ಆದರೆ ಗಂಡನ ತಪ್ಪಿಗಾಗಿ ಹೆಂಡತಿ ಬಿಡುಗಡೆ ಕೇಳಿದರೆ? ಅವನು ಅವಳಿಂದ ಪಡೆದದ್ದನ್ನು ಕೊಡಬೇಕಿಲ್ಲ. ತಪ್ಪು ಅವನದು, ನಷ್ಟ ಇವಳದು. ಕೈಯಲ್ಲಿ ಕಾಸಿಲ್ಲದೆ ಹೊರಡಬೇಕಾದ ಎಷ್ಟು ಹೆಂಗಸರು ಈ ಮೋಕ್ಷವನ್ನು ಕೇಳಿಯಾರು?

ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಸ್ತ್ರೀಧನ ಅವರದಾಗುವುದಿಲ್ಲ, ಕೇಳಿದಾಗ ಹೆಂಡತಿಗೆ ಒಪ್ಪಿಸಲೇಬೇಕು ಎಂದು ನಮ್ಮ ಸುಪ್ರೀಂ ಕೋರ್ಟು 1985ರಲ್ಲಿ ಸ್ಪಷ್ಟಪಡಿಸಿತು.